ಮೀನು ತಿನ್ನದವರ ಮೀನಿನ ಚಿಂತೆ

ಮೀನಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಚಿಂತೆ ಮಾಡುವವರು ಮೀನು ತಿನ್ನದವರು. ನಮ್ಮ ಚಿಕ್ಕೋಡಿ ಸೀಮೆಯಲ್ಲಿ ನಾಲ್ಕು ದಿನ ಇದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಐದೂ ತಾಲೂಕು ತಿರುಗಿದರೂ ಲಿಂಗಾಯತರ ಮಠವೋ ಜೈನರ ಬಸದಿಯೋ ಇಲ್ಲದ ಊರು ಅಪರೂಪ. ಜೈನ ಮುನಿ ಆಚಾರ್ಯ ವಿದ್ಯಾಸಾಗರರು ಹುಟ್ಟಿದ ಸದಲಗಾ ಇಲ್ಲಿಯದೇ. ಉಳ್ಳಾಗಡ್ಡಿಯನ್ನೇ ಒಳಗೆ ಬಿಟ್ಟುಕೊಳ್ಳದ ಅಡುಗೆಮನೆಗಳಿರುವ ಕಡೆ ಮೀನಿನ ಪಾಡು ಕೇಳಬೇಕೆ? ಆದರೂ 2023ರ ಆಗಸ್ಟ್ 24ರಂದು ಜಪಾನಿನವರು ಫುಕುಶಿಮಾ ಅಣುಸ್ಥಾವರದ ನೀರನ್ನು ಸಮುದ್ರಕ್ಕೆ ಬಿಡಲು ಶುರುಮಾಡಿದಾಗ ಮೊದಲು ಗಾಬರಿಯಾದವರು ಈ ಮನೆಗಳ ಹಿರಿಯರೇ.

ನಮ್ಮ ಕಾಕಾ ಕಟ್ಟೆಯ ಮೇಲೆ ಕೂತು ಅಪ್ಪಣೆ ಕೊಟ್ಟರು.

"ತಮ್ಮಾ, ಇನ್ನ ಮುಂದ ಮೀನ ತಿನಬ್ಯಾಡ್ರಿ. ಟೀವಿಯಾಗ ತೋರಸಾಕತ್ತಾರ."

"ಕಾಕಾ, ನಾವ ಹಿಂದರ ಯಾವಾಗ ತಿಂದೇವ್ರಿ?"

"ಅದಕ್ಕ ಹೇಳಾಕತ್ತೇನಿ. ಇನ್ನ ಮ್ಯಾಲಂತೂ ಬ್ಯಾಡೇ ಬ್ಯಾಡ."

ಇಷ್ಟು ಹೇಳಿ, ಲೋಕದ ಒಂದು ಗಂಡಾಂತರ ತಪ್ಪಿಸಿದ ನೆಮ್ಮದಿಯಲ್ಲಿ ಕಾಕಾ ಬೀಡಿ ಹಚ್ಚಿದರು. ಆ ಬೀಡಿಯ ಮಾತು ಆಮೇಲೆ ಬರುತ್ತದೆ; ಸದ್ಯ ಮೀನಿನ ಕಡೆ ಹೋಗೋಣ.

ನಮ್ಮಲ್ಲಿ ಮೀನು ತಿನ್ನುವವರೇ ಇಲ್ಲವೆಂದಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆ ಹರಿಯುವ ನಾಡಿದು. ಹೊಳೆದಂಡೆಯ ಅಂಬಿಗರು ಬಲೆ ಬೀಸುತ್ತಾರೆ. ಕುಡಚಿಯಲ್ಲಿ, ಉಗಾರದಲ್ಲಿ ರೋಹು ಕಟ್ಲಾ ಸಾರಿನ ವಾಸನೆ ಬೀದಿಗೆ ಬರುತ್ತದೆ. ಸಮುದ್ರದ ಮೀನು ಮಾತ್ರ ಘಟ್ಟ ಹತ್ತಿ ಬರಬೇಕು. ರತ್ನಾಗಿರಿ, ಮಾಲವಣದ ಬಾಂಗಡಾ, ಸುರಮಾಯಿ ಥರ್ಮಾಕೋಲ್ ಡಬ್ಬಿಯ ಬರ್ಫದಲ್ಲಿ ಮಲಗಿ ಕೊಲ್ಹಾಪುರ ದಾಟಿ ನಿಪ್ಪಾಣಿಗೆ ಬರುತ್ತವೆ. ಕರಾವಳಿಯವರು ಗೆದರ ಎನ್ನುವ ಟ್ಯೂನಾ ಕೂಡ ಒಮ್ಮೊಮ್ಮೆ ಆ ಡಬ್ಬಿಯಲ್ಲಿರುತ್ತದೆ. ಆದರೆ ಅದು ಕೈಯಲ್ಲಿ ಎತ್ತಬಹುದಾದ ಮೀನು. ಟೀವಿಯಲ್ಲಿ ಕಾಕಾ ನೋಡಿದ್ದು ಬ್ಲೂಫಿನ್ ಎಂಬ ದೈತ್ಯ.

ಆ ದೈತ್ಯನ ಪ್ರತಾಪ ಕೇಳಲೇಬೇಕು. 1979ರಲ್ಲಿ ಕೆನಡಾದ ನೋವಾ ಸ್ಕೋಶಿಯಾದಲ್ಲಿ ಕೆನ್ ಫ್ರೇಸರ್ ಎಂಬಾತ ಗಾಳ ಹಾಕಿ ಎಳೆದ ಬ್ಲೂಫಿನ್ 679 ಕಿಲೋ ತೂಗಿತು. ಕಬ್ಬಿನ ಗಾಡಿಗೆ ಹೂಡುವ ಎತ್ತಿನಷ್ಟು ತೂಕದ ಪ್ರಾಣಿಯನ್ನು ದಾರದಲ್ಲಿ ಎಳೆಯುವುದೆಂದರೇನು! ಈ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ. ಬಾಯಿ ತೆರೆದು ಮುಂದೆ ಈಜುತ್ತಿದ್ದರೆ ಮಾತ್ರ ಕಿವಿರಿಗೆ ನೀರು ಹರಿದು ಉಸಿರಾಟ ನಡೆಯುವುದರಿಂದ ಹುಟ್ಟಿದಂದಿನಿಂದ ಸಾಯುವತನಕ ನಿಲ್ಲುವಂತಿಲ್ಲ. ಜಪಾನಿನ ಓಮಾ ಎಂಬ ಊರಿನ ಬೆಸ್ತರು ಇದನ್ನು ಹಿಡಿಯುವುದರಲ್ಲಿ ಹೆಸರಾದವರು. ಅಲ್ಲಿ ಸಿಕ್ಕ 278 ಕಿಲೋದ ಒಂದು ಮೀನು 2019ರ ಹೊಸ ವರ್ಷದ ಸವಾಲಿನಲ್ಲಿ, ಟೋಕಿಯೋದ ತೊಯೋಸು ಮಾರುಕಟ್ಟೆಯಲ್ಲಿ, 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು. ಆಗಿನ ನಮ್ಮ ಹಣದಲ್ಲಿ ಇಪ್ಪತ್ತು ಕೋಟಿಗೂ ಮೇಲೆ. ಇದನ್ನು ಕೇಳಿದ ಕಾಕಾ ಹತ್ತಿಪ್ಪತ್ತು ಎಕರೆ ಕಬ್ಬಿನ ಲೆಕ್ಕ ಹಾಕಿ, "ಅಷ್ಟ ರೊಕ್ಕಾ ಕೊಟ್ಟ ತಗೊಂಡಂವಾ ವಿಷಾ ಇದ್ದರೂ ತಿನ್ನಾಂವನ ಬಿಡು" ಎಂದು ತೀರ್ಪು ಕೊಟ್ಟರು.

ಟ್ಯೂನಾಕ್ಕೆ ಅಣುವಿನ ಕಳಂಕ ಹೊಸದಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬು ಸಿಡಿಸಿದಾಗ ದೂರದಲ್ಲಿ ಟ್ಯೂನಾ ಹಿಡಿಯುತ್ತಿದ್ದ ಜಪಾನಿನ ದೋಣಿಯ ಮೇಲೆ ಬಿಳಿ ಬೂದಿ ಸುರಿಯಿತು. ಅದರಲ್ಲಿದ್ದ 23 ಜನರೂ ಕಾಯಿಲೆ ಬಿದ್ದರು. ರೇಡಿಯೋ ನೋಡಿಕೊಳ್ಳುತ್ತಿದ್ದ ಕುಬೊಯಾಮಾ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಟೋಕಿಯೋದ ಮಾರುಕಟ್ಟೆಯಲ್ಲಿ ಟ್ಯೂನಾವನ್ನು ಗುಂಡಿ ತೋಡಿ ಹೂಳಿದರು. ಮೀನಂಗಡಿಗಳ ವ್ಯಾಪಾರ ಬಿದ್ದುಹೋಯಿತು. ಆ ಏಪ್ರಿಲ್ 2ರಂದು ನಮ್ಮ ನೆಹರೂ ಲೋಕಸಭೆಯಲ್ಲಿ ನಿಂತು ಅಣುಪರೀಕ್ಷೆಗಳನ್ನು ನಿಲ್ಲಿಸಿ ಎಂದು ಜಗತ್ತನ್ನು ಕೇಳಿದರು. ಅಂದಿನ ಭಯಕ್ಕೆ ಬುಡವಿತ್ತು. ಬೂದಿ ಬಿದ್ದ ಮೈಗಳೇ ಸಾಕ್ಷಿಯಾಗಿದ್ದವು.

2011ರ ಮಾರ್ಚ್ 11ರ ಸುನಾಮಿ ಫುಕುಶಿಮಾವನ್ನು ಕೆಡಿಸಿದ ಮೇಲೆ ಕತೆ ಬೇರೆ ದಾರಿ ಹಿಡಿಯಿತು. ಆ ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಬಳಿ ಹಿಡಿದ 15 ಬ್ಲೂಫಿನ್‌ಗಳನ್ನು ಮ್ಯಾಡಿಗನ್, ಬೌಮನ್, ಫಿಶರ್ ಎಂಬ ಮೂವರು ವಿಜ್ಞಾನಿಗಳು ಪರೀಕ್ಷಿಸಿದಾಗ ಎಲ್ಲದರಲ್ಲೂ ಫುಕುಶಿಮಾದ, ವಿಕಿರಣ ಸೂಸುವ ಸೀಸಿಯಂ ಸಿಕ್ಕಿತು. ಜಪಾನಿನ ನೀರಿನಲ್ಲಿ ಹುಟ್ಟಿದ ಮರಿಗಳು ಇಡೀ ಪೆಸಿಫಿಕ್ ಈಜಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದವು. ಸೀಸಿಯಂ ಅವುಗಳ ಪಾಸ್‌ಪೋರ್ಟಿನ ಮೇಲಿನ ಠಸ್ಸೆಯಂತೆ ಉಳಿದಿತ್ತು. ವಿಜ್ಞಾನಿಗಳಿಗೆ ಅಚ್ಚರಿಯಾದದ್ದು ಆ ಪ್ರಯಾಣ. ಪತ್ರಿಕೆಗಳಿಗೆ ಕಂಡದ್ದು ವಿಷ. ಗದ್ದಲ ಹೆಚ್ಚಾದಾಗ ಅದೇ ತಂಡದವರು ಇನ್ನೂ ಕೆಲವರನ್ನು ಸೇರಿಸಿಕೊಂಡು 2013ರಲ್ಲಿ ಲೆಕ್ಕ ಬಿಡಿಸಿ ಕೊಟ್ಟರು. ಆ ಮೀನನ್ನು 200 ಗ್ರಾಂ ತಿಂದರೆ ಫುಕುಶಿಮಾದ ಪಾಲಿನಿಂದ ಮೈಗೆ ತಗಲುವ ವಿಕಿರಣ, ಒಂದು ಬಾಳೆಹಣ್ಣು ತಿಂದರೆ ತಗಲುವುದರ ಶೇಕಡಾ 5ರಷ್ಟು. ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇದೆ, ಅದರಲ್ಲಿ ಒಂದಿಷ್ಟು ಹುಟ್ಟಿನಿಂದಲೇ ವಿಕಿರಣ ಸೂಸುತ್ತದೆ. ಕಾಕಾ ಏಕಾದಶಿಗೆ ಎಷ್ಟು ಬಾಳೆಹಣ್ಣು ತಿನ್ನುತ್ತಾರೆಂದು ನಾನು ಹೇಳಲಾರೆ. ಹಿರಿಯರ ಮರ್ಯಾದೆಯ ಪ್ರಶ್ನೆ.

ದೊಡ್ಡ ಟ್ಯೂನಾದಲ್ಲಿ ನಿಜವಾಗಿ ಎಚ್ಚರವಹಿಸಬೇಕಾದದ್ದು ಪಾದರಸಕ್ಕೆ. ಸಣ್ಣ ಮೀನನ್ನು ದೊಡ್ಡದು, ಅದನ್ನು ಮತ್ತೂ ದೊಡ್ಡದು ನುಂಗುತ್ತ ಹೋದಂತೆ ಪಾದರಸ ಮೇಲೆ ಮೇಲೆ ಕೂಡುತ್ತದೆ. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ದೊಡ್ಡ ಟ್ಯೂನಾ ಬೇಡವೆನ್ನುವುದು ಅದಕ್ಕೇ. ಆದರೆ ಪಾದರಸಕ್ಕೆ ಟೀವಿಯಲ್ಲಿ ಕೆಂಪು ಅಕ್ಷರ ಸಿಗುವುದಿಲ್ಲ. ಅಣುವಿಗಾದರೆ ಹಿನ್ನೆಲೆ ಸಂಗೀತವೂ ಸಿಗುತ್ತದೆ. ಕಾಕಾನ ಫೋನಿಗೆ ಒಂದು ನಕ್ಷೆಯೂ ಬಂದಿತ್ತು. ಜಪಾನಿನಿಂದ ಹೊರಟ ಕೆಂಪು, ನೇರಳೆ ಬಣ್ಣ ಸಮುದ್ರವನ್ನೆಲ್ಲ ಆವರಿಸಿತ್ತು. ವಿಕಿರಣ ಹಬ್ಬಿದ ಬಗೆ ಎಂದು ಕೆಳಗೆ ಬರೆದಿತ್ತು. ಅಸಲಿಗೆ ಅದು 2011ರ ಸುನಾಮಿಯ ಅಲೆ ಎಲ್ಲೆಲ್ಲಿ ಎಷ್ಟು ಎತ್ತರ ಎದ್ದಿತೆಂದು ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ಮಾಡಿದ ನಕ್ಷೆ.

ಇನ್ನು ಜಪಾನಿನವರು ಬಿಟ್ಟ ನೀರಿನಲ್ಲಿ ಉಳಿದದ್ದು ಮುಖ್ಯವಾಗಿ ಟ್ರಿಟಿಯಂ ಎಂಬ, ವಿಕಿರಣ ಸೂಸುವ ವಸ್ತು. ಅದನ್ನು ಸಮುದ್ರದ ನೀರು ಬೆರೆಸಿ, ಲೀಟರಿಗೆ 1,500 ಬೆಕೆರೆಲ್‌ಗಿಂತ ಕಡಿಮೆ ಮಾಡಿ ಬಿಡುತ್ತಾರೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 10,000. ಇದೇ ಟ್ರಿಟಿಯಂ 2009ರ ನವೆಂಬರಿನಲ್ಲಿ ನಮ್ಮ ಕಾರವಾರ ಬಳಿಯ ಕೈಗಾ ಸ್ಥಾವರದ ಕುಡಿಯುವ ನೀರಿನ ಕೂಲರಿಗೇ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈ ಸೇರಿತ್ತು. ಅದು ನಮ್ಮ ಕಟ್ಟೆಯ ಮೇಲೆ ಎರಡು ದಿನವೂ ಬಾಳಲಿಲ್ಲ. ದೂರದ ದೆವ್ವಕ್ಕೆ ಕೋಡು ಹೆಚ್ಚು.

ಈಗ ಕಾಕಾನ ಬೀಡಿ. ಟ್ಯೂನಾದ ಮಾಂಸದಲ್ಲಿ ಸೀಸಿಯಮ್ಮಿಗಿಂತ ನೂರಾರು ಪಟ್ಟು ವಿಕಿರಣ ಕೊಡುವ ಇನ್ನೊಂದು ವಸ್ತು ಫುಕುಶಿಮಾಕ್ಕೆ ಮೊದಲಿನಿಂದಲೂ ಇದೆ. ಹೆಸರು ಪೊಲೋನಿಯಂ-210. ಮೇರಿ ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ ಪೊಲೋನಿಯಂ ಇದೇ. ಸಮುದ್ರದಲ್ಲಿ ಅದು ಸಹಜವಾಗಿಯೇ ಇರುತ್ತದೆ. ಸಮುದ್ರ ಬಿಟ್ಟರೆ ಅದಕ್ಕೆ ಬಹಳ ಇಷ್ಟವಾದ ಜಾಗ ತಂಬಾಕಿನ ಎಲೆ. ನೆಲದಿಂದ ಏಳುವ ರೇಡಾನ್ ಅನಿಲ ಒಡೆದು ಆದ ಕಣಗಳು ಗಾಳಿಯಲ್ಲಿ ತೇಲಿ ಬಂದು ಎಲೆಯ ಅಂಟುರೋಮಕ್ಕೆ ಹತ್ತಿಕೊಳ್ಳುತ್ತವೆ. ರಂಜಕದ ಗೊಬ್ಬರದಿಂದ ಬೇರಿಗೂ ಒಂದಿಷ್ಟು ಸೇರುತ್ತದೆ. 1964ರಲ್ಲೇ ಹಾರ್ವರ್ಡಿನ ರ‍್ಯಾಡ್‌ಫರ್ಡ್ ಮತ್ತು ಹಂಟ್ ಸಿಗರೇಟಿನ ಹೊಗೆಯಲ್ಲಿ ಇದು ಇದೆಯೆಂದು ತೋರಿಸಿದರು. ಹೊಗೆಯ ಜೊತೆ ಹೋಗಿ ಪುಪ್ಪುಸದ ಕವಲುಗಳಲ್ಲಿ ಕೂರುತ್ತದೆ. ಬೀಡಿ ಸೇದುವವರನ್ನು ಕೊಲ್ಲುವುದರಲ್ಲಿ ಹೊಗೆಯ ಟಾರಿನದೇ ಮೊದಲ ಪಾಲು, ನಿಜ. ಆದರೆ ಪೊಲೋನಿಯಂ ಸುಮ್ಮನೆ ಕೂತಿರುವುದಿಲ್ಲ.

ಆ ಬೀಡಿಯ ಜರ್ದಾಕ್ಕೆ ದೇಶವೆಲ್ಲ ಹೆಸರಾದ ಪೇಟೆ ಯಾವುದು? ನಮ್ಮ ನಿಪ್ಪಾಣಿ. ಅಲ್ಲಿಯ ವಖಾರಿಗಳ ಘಾಟು ಊರೊಳಗೆ ಕಾಲಿಡುವ ಮೊದಲೇ ಮೂಗಿಗೆ ಬರುತ್ತಿತ್ತು. ತಂಬಾಕಿನ ಧೂಳಿನಲ್ಲಿ, ಬೀಡಿ ಕಟ್ಟುತ್ತ ಮನೆ ನಡೆಸಿದ ಹೆಂಗಸರ ಕೆಮ್ಮು ಯಾವ ಚಾನೆಲ್ಲಿಗೂ ಕೇಳಿಸಲಿಲ್ಲ. ಶಾಂತಸಾಗರದ ಮೀನಿಗೆ ಮರುಗಿದ ನಾವು ಮೂವತ್ತು ಕಿಲೋಮೀಟರು ದೂರದ ವಖಾರಿಗೆ ಮರುಗಲಿಲ್ಲ.

ಎಲ್ಲ ಭಯವೂ ಟೀವಿಯ ಭಯವೆಂದು ನಗುವುದೂ ತಪ್ಪೇ. ನಮಗೆ ಬಾಂಗಡಾ ಕಳಿಸುವ ರತ್ನಾಗಿರಿ ಜಿಲ್ಲೆಯ ಜೈತಾಪುರದಲ್ಲಿ ದೊಡ್ಡ ಅಣುಸ್ಥಾವರದ ಯೋಜನೆ ಬಂದಾಗ ಅಲ್ಲಿಯ ಮೀನುಗಾರರು ಎದುರು ನಿಂತರು. 2011ರ ಏಪ್ರಿಲ್‌ನಲ್ಲಿ ಪೊಲೀಸರ ಗೋಲಿಬಾರಿಗೆ ಒಬ್ಬರು ಬಲಿಯಾದರು. ಸ್ಥಾವರದ ಬಿಸಿನೀರು ಕೊಲ್ಲಿಗೆ ಬಿದ್ದರೆ ಮೀನು ದೂರ ಸರಿದೀತು, ಬಲೆ ಬರಿದಾದೀತು ಎಂಬುದು ಹೊಟ್ಟೆಪಾಡಿನ ಅಂಜಿಕೆ. ಅದಕ್ಕೆ ಉತ್ತರ ಕೊಡಬೇಕಾಗುತ್ತದೆ, ಚಾನೆಲ್ ಬದಲಿಸಿದರೆ ಸಾಲದು.

ನಮಗೂ ಅಂಥ ಅಂಜಿಕೆ ಇರಬೇಕಾದ ಜಾಗವೊಂದಿದೆ. ಪಂಚಗಂಗೆ ಕೊಲ್ಹಾಪುರದ ಕೊಳಚೆಯನ್ನೂ ಇಚಲಕರಂಜಿಯ ಬಟ್ಟೆ ಗಿರಣಿಗಳ ಬಣ್ಣವನ್ನೂ ಹೊತ್ತು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಅಲ್ಲಿಂದ ತುಸು ಕೆಳಗೆ ಬಂದರೆ ನಮ್ಮ ಗಡಿ. ಬೇಸಿಗೆಯಲ್ಲಿ ನೀರು ಇಳಿದು ಆಮ್ಲಜನಕ ತೀರಿದಾಗ ಪಂಚಗಂಗೆಯಲ್ಲಿ ಮೀನು ರಾಶಿರಾಶಿ ಸತ್ತು ತೇಲಿದ್ದು ಮತ್ತೆ ಮತ್ತೆ ನಡೆದಿದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜನ ಸತ್ತರು. ಆ ಹೊಳೆಗೆ ಯುರೇನಿಯಂ ಬೇಕಾಗಲಿಲ್ಲ, ಗಟಾರು ಸಾಕಾಯಿತು. ಅದೇ ನೀರು ಮುಂದೆ ಬಂದು ನಮ್ಮ ಕಬ್ಬಿಗೂ ಕೊಡಕ್ಕೂ ಹೋಗುತ್ತದೆ. ಮೀನು ತಿನ್ನದವರೂ ನೀರು ಕುಡಿಯುತ್ತಾರೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ಜಪಾನಿನ ಟ್ಯೂನಾದ ಯೋಗಕ್ಷೇಮವನ್ನು ಜಪಾನಿನವರಿಗೆ ಬಿಡಿ. ಅವರ ಬಳಿ ಅಳೆಯುವ ಯಂತ್ರಗಳಿವೆ, ಕೊಳ್ಳಲು ಕೋಟಿಗಳಿವೆ. ನಿಮ್ಮ ಗ್ರಾಮಸಭೆಯಲ್ಲಿ ಹೊಳೆಯ ನೀರಿನ ಪರೀಕ್ಷೆ ಯಾವಾಗ ಆಯಿತೆಂದು ಕೇಳಿ, ಅದರ ಕಾಗದ ತೋರಿಸಿ ಎನ್ನಿ. ನಿಮ್ಮ ಮನೆಯಲ್ಲೂ ಕಾಕಾ ಇದ್ದರೆ ಮೀನಿನ ಬಗ್ಗೆ ಅವರು ಹೇಳಿದ್ದಕ್ಕೆಲ್ಲ ಹೂಂ ಎನ್ನಿ, ಬೀಡಿ ಮಾತ್ರ ಬಿಡಿಸಿ.