ಸರ್ಕಾರಿ ವಾಹನ ಮೀಮಾಂಸೆ ಅಥವಾ ಶಿರಗುಪ್ಪಿ ಸೂತ್ರ

ವಾಹನಗಳ ಬಗ್ಗೆ ನಮ್ಮ ಪೂರ್ವಸೂರಿಗಳು ನಡೆಸಿದ ವಿಚಾರವೆಲ್ಲ ದೇವತೆಗಳ ಹಂತದಲ್ಲೇ ನಿಂತುಬಿಟ್ಟಿದೆ. ಗಣಪತಿಗೆ ಇಲಿ, ಯಮನಿಗೆ ಕೋಣ, ಶನಿಗೆ ಕಾಗೆ. ತಲೆಗೊಂದೇ ವಾಹನ, ಚಾಲಕನ ಹುದ್ದೆ ಮಂಜೂರಾಗಿಲ್ಲ, ಇಂಧನ ಹುಲ್ಲೋ ಕಾಳೋ. ಶಿವನೊಬ್ಬ ಪಾರ್ವತಿಯನ್ನೂ ನಂದಿಯ ಮೇಲೆ ಕೂರಿಸಿಕೊಂಡು ತಿರುಗುತ್ತಾನೆಂಬ ಆರೋಪವಿದೆ, ಆದರೆ ಅದಕ್ಕೆ ಲಾಗ್‌ಬುಕ್ಕಿನ ಆಧಾರವಿಲ್ಲ. ದೇವತೆಗಳ ನಂತರ ಅವತರಿಸಿದ ಸ್ಥಳೀಯ ಸಂಸ್ಥೆಗಳ ವಾಹನಗಳ ವಿಷಯದಲ್ಲಿ ಶಾಸ್ತ್ರ ಮೌನವಾಗಿದೆ. ಆ ಕೊರತೆ ನೀಗಲೆಂದೇ ಈ ಪ್ರಬಂಧ. ಅಧ್ಯಯನದ ಕ್ಷೇತ್ರ ಹುಬ್ಬಳ್ಳಿ–ಗದಗ ರಸ್ತೆಯ ಶಿರಗುಪ್ಪಿ. ಹುಬ್ಬಳ್ಳಿ ತಾಲ್ಲೂಕಿನ ಈ ಹೋಬಳಿ ಊರನ್ನು ಆರಿಸಿಕೊಳ್ಳಲು ಕಾರಣವಿಷ್ಟೆ: ಆಡಳಿತದ ಎರಡು ಬಗೆಯ ಗಾಡಿಗಳು ಇಂಥ ಊರಿನಲ್ಲಿ ಒಂದೇ ಡಾಂಬರಿನ ಮೇಲೆ ಎದುರುಬದುರಾಗುತ್ತವೆ. ಒಂದು ಪಂಚಾಯಿತಿಯ ಕಸದ ಗಾಡಿ, ಇನ್ನೊಂದು ಮೇಲಿನ ಕಚೇರಿಗಳಿಂದ ‘ಭೇಟಿ’ಗೆ ಬರುವ ಬಿಳಿ ಕಾರು.

ಕಸದ ಗಾಡಿಯ ಲಕ್ಷಣ ಹೀಗೆ. ಸ್ವಚ್ಛ ಭಾರತ ಯೋಜನೆಯಡಿ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಬಂದ ‘ಸ್ವಚ್ಛ ವಾಹಿನಿ’ಯನ್ನು ಅನೇಕ ಕಡೆ ಸ್ವಸಹಾಯ ಸಂಘದ ಹೆಣ್ಣುಮಗಳು ಓಡಿಸುತ್ತಾಳೆ. ಮೈಕಿನಲ್ಲಿ ಹಾಡು ಹಚ್ಚಿಕೊಂಡೇ ಬರುವುದರಿಂದ ಗಾಡಿ ಯಾವ ಓಣಿಯಲ್ಲಿದೆ ಎಂಬುದು ಮಲಗಿದವರಿಗೂ ಗೊತ್ತು. ಒಂದು ದಿನ ಬರದಿದ್ದರೆ ಕಟ್ಟೆಯ ಮೇಲೆ ಕೂತವರು ಕೇಳುತ್ತಾರೆ. ಡೀಸೆಲ್ ಎಷ್ಟು ಹಾಕಿಸಿದಿರಿ ಎಂದು ಗ್ರಾಮಸಭೆಯಲ್ಲಿ ಕೇಳುತ್ತಾರೆ. ಟೈರು ಬದಲಿಸಿದರೆ ಹಳೇ ಟೈರು ಎಲ್ಲಿ ಹೋಯಿತು ಎಂತಲೂ ಕೇಳುತ್ತಾರೆ. ಬಿಳಿ ಕಾರಿಗೆ ಹಾಡಿಲ್ಲ. ಗಾಜು ಏರಿಸಿರುತ್ತದೆ, ನಂಬರ್ ಪ್ಲೇಟಿನಲ್ಲಿ ‘ಜಿ’ ಅಕ್ಷರ ಹೊಳೆಯುತ್ತಿರುತ್ತದೆ. ಎಲ್ಲಿಂದ ಬಂತು, ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ, ಎದ್ದು ನಿಲ್ಲುತ್ತಾರೆ. ಇದರಿಂದ ಹುಟ್ಟುವ ನಿಯಮಕ್ಕೆ ಶಿರಗುಪ್ಪಿ ಸೂತ್ರ ಎಂದು ಹೆಸರಿಡೋಣ: ವಾಹನದ ಬೆಲೆ ಏರಿದಂತೆ ಅದರ ಬಗ್ಗೆ ಕೇಳುವ ಪ್ರಶ್ನೆ ಇಳಿಯುತ್ತದೆ. ಸೂತ್ರ ಬರೀ ತಾಲ್ಲೂಕಿನದಲ್ಲ ಎಂಬುದಕ್ಕೆ ರಾಜಧಾನಿಯೇ ಸಾಕ್ಷಿ. 2023ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಸಚಿವರಿಗಾಗಿ 33 ಇನ್ನೋವಾ ಹೈಕ್ರಾಸ್ ಕಾರುಗಳನ್ನು 9.90 ಕೋಟಿ ರೂಪಾಯಿಗೆ, ಕಲಂ 4(ಜಿ)ಯ ವಿನಾಯಿತಿಯಡಿ ಟೆಂಡರಿಲ್ಲದೆ ಕೊಳ್ಳಲು ಒಪ್ಪಿತು. ಪಾರದರ್ಶಕತೆಯಿಂದ ಬಿಡುಗಡೆ ಕೊಡುವ ಈ ಕಲಂ ಇರುವುದು 1999ರ ಪಾರದರ್ಶಕತೆ ಕಾಯ್ದೆಯ ಒಳಗೇ ಎಂಬುದನ್ನು ನಮ್ಮ ಅಲಂಕಾರಶಾಸ್ತ್ರಜ್ಞರು ವಿರೋಧಾಭಾಸಕ್ಕೆ ಉದಾಹರಣೆಯಾಗಿ ಇನ್ನೂ ಸೇರಿಸಿಕೊಂಡಿಲ್ಲ. ಮೋಟರ್ ರಿಪೇರಿಗೂ ಕೊಟೇಶನ್ ತರಿಸಬೇಕಾದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಈ ಸುದ್ದಿಯನ್ನು ಯಾವ ಮುಖ ಮಾಡಿಕೊಂಡು ಓದಿರಬಹುದು ಎಂಬುದು ಬೇರೆಯೇ ಸಂಶೋಧನೆಯ ವಸ್ತು.

ಇನ್ನು ಪ್ರಮಾಣಗಳ ವಿಚಾರ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಾರ್ಕಿಕರು ಅನುಮಾನಿಸಿದರು. ಕಚೇರಿಯ ಮುಂದಿನ ಬೇವಿನ ಗಿಡದ ನೆರಳಲ್ಲಿ ನಿಂತ ಕಾರಿನ ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಒಳಗೆ ಎಸಿ ಇದೆ, ಎಸಿ ಇದ್ದರೆ ಇಂಜಿನ್ ಚಾಲೂ ಇದೆ, ಇಂಜಿನ್ ಚಾಲೂ ಇದ್ದೂ ಗಾಡಿ ನಿಂತಿದ್ದರೆ ಒಳಗೆ ಚಾಲಕ ಸೀಟು ಹಿಂದಕ್ಕೆ ಮಾಡಿ ನಿದ್ದೆ ಹೊಡೆಯುತ್ತಿದ್ದಾನೆ ಎಂದು ನಾವೂ ಅನುಮಾನಿಸಬಹುದು. ಕಾರಿನ ಕೆಳಗೆ ಒದ್ದೆಯಾದ ಅಂಗೈ ಅಗಲದ ಮಣ್ಣು ಪ್ರತ್ಯಕ್ಷ ಪ್ರಮಾಣ. ಶಬ್ದಪ್ರಮಾಣವೆಂದರೆ ಲಾಗ್‌ಬುಕ್. ಅದರಲ್ಲಿ ದಿನಾಂಕ, ಹೊರಟ ಜಾಗ, ಮುಟ್ಟಿದ ಜಾಗ, ಮೀಟರ್ ರೀಡಿಂಗ್, ಉದ್ದೇಶ, ಸಹಿ ಎಂಬ ಕಾಲಂಗಳಿವೆ. ಉದ್ದೇಶದ ಕಾಲಮ್ಮಿನಲ್ಲಿ ಸಾಮಾನ್ಯವಾಗಿ ಸಿಗುವುದು ‘ಕಚೇರಿ ಕೆಲಸ ನಿಮಿತ್ತ’ ಎಂಬ ಮೂರೇ ಪದ. ಕೆಳಗಿನ ಸಾಲುಗಳಲ್ಲಿ ಅದೂ ಇಲ್ಲ, ಎರಡು ಪುಟ್ಟ ಗೆರೆಗಳ ‘ಸದರ್’ ಗುರುತು ಅಷ್ಟೆ. ಧ್ವನಿ ಸಿದ್ಧಾಂತದ ಪ್ರಕಾರ ಕಾವ್ಯದ ಜೀವಾಳ ಹೇಳದೆ ಉಳಿದ ಅರ್ಥದಲ್ಲಿರುತ್ತದೆ. ಆ ಲೆಕ್ಕಕ್ಕೆ ನಮ್ಮ ನಾಡಿನ ಲಾಗ್‌ಬುಕ್ಕುಗಳು ಮಹಾಕಾವ್ಯಗಳು: ಮಗಳ ಟ್ಯೂಷನ್, ಅತ್ತೆಯ ಕಣ್ಣಿನ ಆಸ್ಪತ್ರೆ, ಅಮಾವಾಸ್ಯೆಯ ದೇವಸ್ಥಾನ, ಎಲ್ಲವೂ ಆ ಮೂರು ಪದಗಳಲ್ಲಿ ಧ್ವನಿತ. ಇಂಥ ಕೃತಿಗಳಿಗೆ ಓದುಗರೇ ಇಲ್ಲದಿರುವುದು ಕನ್ನಡದ ದೌರ್ಭಾಗ್ಯ.

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ. ‘ಸಾಹೇಬರು ಹಳ್ಳಿ ಸುತ್ತಬೇಕಲ್ರಿ, ಎರೆ ಹೊಲದ ದಾರಿಯೊಳಗ ನಡಕೋಂತ ಹೋಗ್ಬೇಕೇನು?’ ಎನ್ನುತ್ತಾರೆ. ಸುತ್ತಲಿ. ಮಳೆಗಾಲದ ಎರೆಮಣ್ಣು ಬಲ್ಲ ಯಾರೂ ಅಧಿಕಾರಿಗೆ ಗಾಡಿ ಬೇಡ ಎನ್ನಲಾರರು. ನಾವು ಕೇಳುವುದು ಗಾಡಿ ಯಾಕೆ ಎಂದಲ್ಲ, ಸುತ್ತಿದ ಹಳ್ಳಿ ಯಾವುದು ಎಂದು. ಎರಡನೆಯ ಆಕ್ಷೇಪ ಘನತೆಯದು. ಅದಕ್ಕೆ ಉತ್ತರ 2017ರ ಮೇ 1ರಂದೇ ಸಿಕ್ಕಿದೆ. ಅಂದು ದೇಶದ ಗಣ್ಯರ ಕಾರುಗಳಿಂದ ಕೆಂಪು ದೀಪ ಇಳಿಯಿತು, ಘನತೆ ಎಲ್ಲೂ ಕುಸಿದುಬಿದ್ದ ವರದಿಯಿಲ್ಲ. ಮೂರನೆಯದು ಸ್ವಲ್ಪ ಗಟ್ಟಿ: ಕೋಟಿಗಳ ಬಜೆಟ್ಟಿನಲ್ಲಿ ಡೀಸೆಲ್ಲಿನ ದುಡ್ಡು ಎಷ್ಟರದು? ಲೆಕ್ಕ ಹಾಕೋಣ. ದಿನಕ್ಕೆ 50 ಕಿಲೋಮೀಟರ್ ಅನವಶ್ಯಕ ಓಡಾಟ, ಲೀಟರಿಗೆ 10 ಕಿಲೋಮೀಟರ್ ಎಂದು ಹಿಡಿದರೆ, 25 ದಿನಕ್ಕೆ 125 ಲೀಟರ್. ಲೀಟರಿಗೆ 90 ರೂಪಾಯಿಯಂತೆ 11,250 ರೂಪಾಯಿ. ಇದು ಒಂದು ಕಾರಿನ ಒಂದು ತಿಂಗಳ ಬಾಬತ್ತು. ಅತ್ತ, ಚಾಲಕಿಯ ಗೌರವಧನಕ್ಕೆ ದುಡ್ಡು ಹೊಂದಿಸಲಾಗದೆ ಸ್ವಚ್ಛ ವಾಹಿನಿ ಶೆಡ್ಡಿನಲ್ಲೇ ನಿಂತಿರುವ ಪಂಚಾಯಿತಿಗಳು ಇದೇ ರಾಜ್ಯದಲ್ಲಿವೆ.

ಕೇಳಬೇಕಾದವರು ಯಾರು ಎಂಬಲ್ಲಿ ಮೀಮಾಂಸೆ ತೊಡಕಾಗುತ್ತದೆ. ಗ್ರಾಮ ಪಂಚಾಯಿತಿಯ ಲೆಕ್ಕಕ್ಕೆ ಗ್ರಾಮಸಭೆಯಿದೆ, ವರ್ಷಕ್ಕೊಮ್ಮೆ ಜಮಾಬಂದಿಯಿದೆ. ಮೇಲಿನ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆರಿಸಿದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಚುನಾವಣೆಯಿಲ್ಲದೆ ವರ್ಷಗಳೇ ಉರುಳಿದವು. ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿಗಳು ಕೂತರು. ಅಂದರೆ ಕಾರಿನ ಬಗ್ಗೆ ಪ್ರಶ್ನೆ ಕೇಳಬೇಕಾದ ಕುರ್ಚಿಗೂ ಕಾರಿನಲ್ಲೇ ಬರಲಾಯಿತು. ಹೀಗಿರುವಾಗ ಉಳಿದದ್ದು 2005ರ ಮಾಹಿತಿ ಹಕ್ಕು ಕಾಯ್ದೆ. ಶುಲ್ಕ 10 ರೂಪಾಯಿ, ಒಂದು ಚಹಾ ಕಪ್ಪಿನಷ್ಟು ಡೀಸೆಲ್ಲಿನ ಬೆಲೆ. ಉತ್ತರಕ್ಕೆ ಗಡುವು 30 ದಿನ. ಕಳೆದ ವರ್ಷದ ಲಾಗ್‌ಬುಕ್ಕಿನ ಪ್ರತಿ ಕೊಡಿ ಎಂದು ಕೇಳಿದರೆ ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಈ ಪ್ರಬಂಧ ಆಗಲೇ ಅದರ ಮೂರು ಪಟ್ಟು ದಾಟಿರುವುದರಿಂದ ಸ್ವೀಕಾರಕ್ಕೆ ಅರ್ಹವಲ್ಲ. ನೀವು ಚಿಕ್ಕದಾಗಿ ಬರೆಯಿರಿ.