ಬ್ಯಾಗಣ್ಣ

ಕ್ಯಾಮೆರಾ ಕೊಂಡವರೆಲ್ಲ ಫೋಟೋಗ್ರಾಫರ್ ಆಗುವುದಿಲ್ಲ. ಕೆಲವರು ಬ್ಯಾಗಣ್ಣ ಆಗುತ್ತಾರೆ. ಇಂಥವನೊಬ್ಬ ಈಗ ಹೋಬಳಿಗೊಬ್ಬನಂತೆ ಇದ್ದೇ ಇದ್ದಾನೆ. ನಾನು ಹತ್ತಿರದಿಂದ ಬಲ್ಲವನು ಹೊನ್ನಾಳಿ ತಾಲ್ಲೂಕು ಸಾಸ್ವೆಹಳ್ಳಿಯವನು. ಹೆಸರು ಬೇಡ. ಊರೇ ಇಟ್ಟ ಹೆಸರು ಇರುವಾಗ ಅಪ್ಪ ಅಮ್ಮ ಇಟ್ಟದ್ದನ್ನು ಯಾರು ಕೇಳುತ್ತಾರೆ?

ಮನೆಯಲ್ಲಿ ಭತ್ತದ ಗದ್ದೆ ಇದೆ, ಒಂದಿಷ್ಟು ಅಡಿಕೆ ಇದೆ, ಬಿ.ಕಾಂ. ಮುಗಿದಿದೆ, ಹೆಣ್ಣು ನೋಡುವುದು ನಡೆದಿದೆ. ಹುಡುಗ ಏನು ಮಾಡ್ತಾನೆ ಎಂದು ಬೀಗರಾಗಬೇಕಾದವರು ಕೇಳಿದರೆ ತಾಯಿ ‘ತೋಟ ನೋಡ್ಕಂತಾನೆ’ ಎನ್ನುತ್ತಾರೆ. ಅದು ಅಕ್ಷರಶಃ ನಿಜ. ಅಡಿಕೆ ಮರದ ಮೇಲೆ ಕೂತ ಮಡಿವಾಳ ಹಕ್ಕಿಯನ್ನು ಕ್ಯಾಮೆರಾದ ಕಿಂಡಿಯಿಂದ ಬೆಳಗಿನ ಹೊತ್ತೆಲ್ಲ ನೋಡುತ್ತಾನೆ. ಕ್ಯಾಮೆರಾ ಕ್ಯಾನನ್ 1500ಡಿ, ಸೆಕೆಂಡ್ ಹ್ಯಾಂಡ್. ಜೊತೆಗೆ ಬಂದ 18-55 ಲೆನ್ಸು ಒಂದು, ಹಕ್ಕಿಗೆಂದು ಆಮೇಲೆ ಕೊಂಡ 55-250 ಇನ್ನೊಂದು. ಮೂರನ್ನೂ ತಕ್ಕಡಿಗೆ ಹಾಕಿದರೆ ಒಂದು ಕೆಜಿ ದಾಟಿ ಸ್ವಲ್ಪ. ಒಂದು ಟವೆಲ್ಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಕಾಶ್ಮೀರಕ್ಕೆ ಹೋಗಿ ಬರಬಹುದಾದ ಸರಕು.

ಅಲ್ಲಿಗೆ ನಿಂತಿದ್ದರೆ ಈ ಬರಹ ಇರುತ್ತಿರಲಿಲ್ಲ.

ಬ್ಯಾಗಣ್ಣ ಬ್ಯಾಗು ಹುಡುಕುವುದು ತನ್ನಲ್ಲಿರುವ ಕ್ಯಾಮೆರಾಕ್ಕಲ್ಲ, ಮುಂದೆ ಬರಲಿರುವ ಕ್ಯಾಮೆರಾಕ್ಕೆ. ಇದು ಅರ್ಥವಾಗದೆ ಅವನ ಜೊತೆ ವಾದಕ್ಕಿಳಿದವರು ಸೋತಿದ್ದಾರೆ. ‘ನಾಳೆ ಸಿಗ್ಮಾ 150-600 ತಗಂಡ್ರೆ ಎಲ್ಲಿ ಇಡ್ಲಿ?’ ಎಂದು ಕೇಳುತ್ತಾನೆ. ಆ ಲೆನ್ಸೊಂದೇ 1,930 ಗ್ರಾಂ. ನಿಕಾನಿನ 200-500 ಆದರೆ 2,300 ಗ್ರಾಂ. ಕ್ಯಾನನ್ ಕ್ಯಾಮೆರಾಕ್ಕೆ ನಿಕಾನ್ ಲೆನ್ಸು ಕೂರುವುದಿಲ್ಲವಲ್ಲಪ್ಪ ಎಂದರೆ, ‘ಮನುಷ್ಯ ಯಾವತ್ತೂ ಒಂದೇ ಕಂಪನೀಲಿ ಇರ್ತಾನಾ?’ ಹೀಗೆ ಇನ್ನೂ ಹುಟ್ಟದ ಮಕ್ಕಳಿಗೆಲ್ಲ ತೊಟ್ಟಿಲು ಲೆಕ್ಕ ಹಾಕಿ ಹಾಕಿ ಬ್ಯಾಗು ಮೂವತ್ತು ಲೀಟರಿಗೆ ಬಂದು ನಿಂತಿತು.

ಈ ಲೀಟರಿನಿಂದಲೇ ಮನೆಯಲ್ಲಿ ಮೊದಲ ಗೊಂದಲ ಎದ್ದಿದ್ದು. ಸಾಸ್ವೆಹಳ್ಳಿ ಸೀಮೆಯಲ್ಲಿ ಬೆನ್ನಿಗೆ ಹಾಕುವ, ಲೀಟರಿನಲ್ಲಿ ಅಳೆಯುವ ವಸ್ತು ಒಂದೇ: ಔಷಧಿ ಹೊಡೆಯುವ ಪಂಪು. ಅದು ಹದಿನಾರು ಲೀಟರು.

‘ಮೂವತ್ತು ಲೀಟರ್ ಪಂಪು ಯಾವನು ಹೊರ್ತಾನಲೇ? ಬೆನ್ನು ಮುರಿಯುತ್ತೆ’ ಎಂದರು ಅಪ್ಪ.

‘ಪಂಪಲ್ಲ ಅಪ್ಪಾಜಿ, ಬ್ಯಾಗು. ಒಳಗಿನ ಜಾಗ ಲೀಟರಲ್ಲಿ ಹೇಳ್ತಾರೆ.’

‘ಸೋರಲ್ಲ ತಾನೇ?’

ಮಳೆಗೆ ಹೊದಿಸುವ ಕವರು ಅಡಿಯಲ್ಲೇ ಮಡಚಿಟ್ಟಿರುತ್ತದೆ ಎಂದು ಮಗ ಉತ್ಸಾಹದಿಂದ ವಿವರಿಸಿದ. ಅಪ್ಪ ಬೆಲೆ ಕೇಳಿದರು. ಹದಿನಾರು ಸಾವಿರದ ಚಿಲ್ಲರೆ. ಅವರು ಬೆರಳು ಮಡಚಲಿಲ್ಲ, ಕ್ಯಾಲ್ಕುಲೇಟರ್ ಕೇಳಲಿಲ್ಲ. ಆ ತಲೆಮಾರಿನವರಿಗೆ ರೂಪಾಯಿ ಕೇಳಿದ ಕೂಡಲೇ ಕಿವಿಯಲ್ಲೇ ಭತ್ತವಾಗಿಬಿಡುತ್ತದೆ. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,300 ರೂಪಾಯಿ. ‘ಏಳು ಕ್ವಿಂಟಾಲು’ ಎಂದರು. ಅಂದಿನಿಂದ ಆ ಮನೆಯಲ್ಲಿ ಬ್ಯಾಗಿಗೆ ಬೇರೆ ಹೆಸರಿಲ್ಲ. ‘ನಿನ್ನ ಏಳು ಕ್ವಿಂಟಾಲ್ ಸೋಫಾ ಮೇಲಿಂದ ತೆಗಿಯೋ, ನೆಂಟರು ಬಂದಾರೆ.’

ಆದರೆ ಕೊಂಡಿದ್ದು ಒಂದೇ ಏಟಿಗಲ್ಲ. ಬ್ಯಾಗು ಕೊಳ್ಳುವುದು ಬ್ಯಾಗಣ್ಣನಿಗೆ ಒಂದು ದುಃಖದ ಘಟನೆ, ಯಾಕೆಂದರೆ ಅಲ್ಲಿಗೆ ಹುಡುಕಾಟ ಮುಗಿಯುತ್ತದೆ. ಮೊದಲು ಶಿವಮೊಗ್ಗದ ಗಾಂಧಿ ಬಜಾರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳನ್ನು ಶಿವಮೊಗ್ಗದಿಂದ ಬಿಡಿಸಿ ಅತ್ತ ಸೇರಿಸಿದರೂ ನಮ್ಮ ಕಡೆಯವರ ಕಾಲು ಜವಳಿಗೆ, ಕನ್ನಡಕಕ್ಕೆ ಇನ್ನೂ ಶಿವಮೊಗ್ಗದ ಬಸ್ಸನ್ನೇ ಹತ್ತುತ್ತದೆ. ಅಲ್ಲಿ ಲ್ಯಾಪ್‌ಟಾಪ್ ಬ್ಯಾಗಿತ್ತು, ಶಾಲೆ ಬ್ಯಾಗಿತ್ತು, ಇವನು ಕೇಳಿದ್ದು ಇರಲಿಲ್ಲ. ನ್ಯಾಯವಾಗಿ ಜಿಲ್ಲಾ ಕೇಂದ್ರಕ್ಕೂ ಹೋದ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ವಾಪಸ್ ಬಂದ. ಕೊನೆಗೆ ಮೊಬೈಲೇ ಗತಿ.

ಮೊಬೈಲಿನಲ್ಲಿ ಸಿಕ್ಕಿದ್ದು ಬ್ಯಾಗಲ್ಲ, ವಿದ್ಯೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಅವನು ಬ್ಯಾಗುಗಳ ಇತಿಹಾಸ ಹೇಳತೊಡಗಿದ. 1967ರಲ್ಲಿ ಲೋಪ್ರೋ ಕಂಪನಿ ಕಟ್ಟಿದ ಗ್ರೆಗ್ ಲೋ ಮೂಲತಃ ಬೆಟ್ಟ ಹತ್ತುವ ಆಸಾಮಿಯಂತೆ. ಫಿಲಡೆಲ್ಫಿಯಾದ ಪತ್ರಿಕಾ ಛಾಯಾಗ್ರಾಹಕ ಜಿಮ್ ಡೊಮ್ಕೆ ಸಿಕ್ಕುವ ಚೀಲ ಯಾವುದೂ ಸರಿಹೋಗದೆ ಕ್ಯಾನ್ವಾಸಿನಲ್ಲಿ ತಾನೇ ಒಂದು ಮಾಡಿಸಿಕೊಂಡನಂತೆ. ಅದೇ ಮುಂದೆ ದೊಡ್ಡ ಕಂಪನಿಯಾಯಿತು. ಇಬ್ಬರೂ ಕೆಲಸಕ್ಕೆ ಹೊರಟವರು, ದಾರಿಯಲ್ಲಿ ಚೀಲ ಬೇಕಾಯಿತು, ಮಾಡಿಕೊಂಡರು. ನಮ್ಮವನು ಚೀಲದಿಂದ ಹೊರಟಿದ್ದ, ದಾರಿ ಇನ್ನೂ ಸಿಕ್ಕಿರಲಿಲ್ಲ.

ಬೆಂಚಿನ ಇನ್ನೊಂದು ತುದಿಯಲ್ಲಿದ್ದ ನಿವೃತ್ತ ಮೇಷ್ಟ್ರು, ‘ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆ ತೋಟದಲ್ಲಿ ಅಷ್ಟೊಂದು ಹಕ್ಕಿ ಫೋಟೋ ತೆಗೆದರಲ್ಲಪ್ಪ, ಅವರ ಬ್ಯಾಗು ಎಷ್ಟು ಲೀಟರಿನದು?’ ಎಂದರು.

‘ಪಾಪ, ಅವರ ಕಾಲಕ್ಕೆ ಇಷ್ಟು ಆಯ್ಕೆ ಇರಲಿಲ್ಲ ಸಾರ್’ ಎಂದ ಬ್ಯಾಗಣ್ಣ, ನಿಜವಾದ ಮರುಕದಿಂದ.

ಆಯ್ಕೆಯ ಕಷ್ಟ ಸಣ್ಣದಲ್ಲ, ಇದನ್ನು ಅವನ ಪರವಾಗಿ ಹೇಳಲೇಬೇಕು. ಬ್ಯಾಗು ಮುಂದುಗಡೆ ತೆರೆದುಕೊಂಡರೆ ಜಾತ್ರೆಯ ನೂಕಿನಲ್ಲಿ ಹಿಂದಿನವನು ಜಿಪ್ಪು ಎಳೆದರೂ ಗೊತ್ತಾಗುವುದಿಲ್ಲ. ಬೆನ್ನಿಗೆ ತಾಗುವ ಕಡೆಯಿಂದ ತೆರೆದುಕೊಂಡರೆ ಕಳ್ಳನ ಭಯವಿಲ್ಲ, ಕೆಸರಿನಲ್ಲಿ ಮಲಗಿಸಿದರೂ ಬೆನ್ನಿಗೆ ತಾಗುವ ಭಾಗ ಚೊಕ್ಕಟ. ಆದರೆ ಕ್ಯಾಮೆರಾ ತೆಗೆಯಲು ಪೂರ್ತಿ ಇಳಿಸಬೇಕು. ಪಕ್ಕದಲ್ಲಿ ಬಾಯಿದ್ದರೆ ಒಂದು ತೋಳು ಬಿಡಿಸಿ, ಬ್ಯಾಗನ್ನು ಹೊಟ್ಟೆಯ ಕಡೆ ತಿರುಗಿಸಿ, ನಿಂತಲ್ಲೇ ಕ್ಯಾಮೆರಾ ಎಳೆಯಬಹುದು. ಆದರೆ ಆ ಬಾಯಿಗಾಗಿ ಒಳಗಿನ ಗೂಡು ಕಡಿಮೆಯಾಗುತ್ತದೆ. ಸೊಂಟದ ಬೆಲ್ಟು ದಪ್ಪವಿದ್ದರೆ ಭಾರ ಭುಜದಿಂದ ಇಳಿದು ಸೊಂಟಕ್ಕೆ ಬರುತ್ತದೆ, ದಿನವಿಡೀ ನಡೆಯಬಹುದು. ಬಸ್ಸಿನ ಸೀಟಿನಲ್ಲಿ ಮಾತ್ರ ಕೂರಲಾಗುವುದಿಲ್ಲ. ಇದರ ಮೇಲೆ ವಿಮಾನದ ಲೆಕ್ಕ. ನಮ್ಮ ದೇಶದ ವಿಮಾನಗಳಲ್ಲಿ ಕೈಯಲ್ಲಿ ಒಯ್ಯುವ ಸಾಮಾನಿಗೆ ಸಾಮಾನ್ಯವಾಗಿ ಏಳು ಕೆಜಿಯ ಮಿತಿ, ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಬ್ಯಾಗಣ್ಣ ವಿಮಾನ ಹತ್ತಿದವನಲ್ಲ. ಆದರೆ 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತಲ್ಲ, ಆ ದಿನದಿಂದ ಅಳತೆ ಟೇಪು ಹಿಡಿದೇ ಬ್ಯಾಗು ನೋಡುತ್ತಾನೆ.

ಅಂತೂ ಬಂತು. ಊರಿನವರ ಎದುರೇ ಬಿಚ್ಚಿದ. ಒಳಗೆ ಬೂದು ಬಣ್ಣದ ಮೆತ್ತನೆ ಗೋಡೆಗಳು, ಎಲ್ಲಿ ಬೇಕಾದರೂ ಕಿತ್ತು ಎಲ್ಲಿ ಬೇಕಾದರೂ ಅಂಟಿಸಬಹುದು. ವಾಸ್ತು ನೋಡಿ ಮನೆ ಕಟ್ಟುವವರೂ ಅಷ್ಟು ಸಲ ಗೋಡೆ ಬದಲಿಸಲಿಕ್ಕಿಲ್ಲ. ಒಂದು ವಾರ ಆ ಮನೆಯಿಂದ ಚರ್ರ್ ಚರ್ರ್ ಶಬ್ದ ಕೇಳುತ್ತಿತ್ತು. ಖಾಲಿ ಬ್ಯಾಗಿನ ತೂಕ ಎರಡು ಕೆಜಿ, ಅಂದರೆ ಹೊರುವ ಸಾಮಾನಿನ ಹತ್ತಿರ ಹತ್ತಿರ ಎರಡರಷ್ಟು. ಕ್ಯಾಮೆರಾ, ಲೆನ್ಸು ಇಟ್ಟ ಮೇಲೂ ಒಂಬತ್ತು ಗೂಡು ಬಾಯಿ ತೆರೆದುಕೊಂಡಿದ್ದವು. ಒಂದಕ್ಕೆ ತಾಯಿ ಉಪ್ಪಿನಕಾಯಿ ಬಾಟಲಿ ಇಟ್ಟು ನೋಡಿದರು. ‘ಸರಿಯಾಗಿ ಕೂರ್ತದೆ ಕಣೋ.’

ಹಾಕಿಕೊಂಡು ಬೀದಿಗಿಳಿದರೆ ಗೊಬ್ಬರದಂಗಡಿಯವರು ಹೊಸ ಕಂಪನಿಯ ರೆಪ್ ಎಂದುಕೊಂಡು ಕುರ್ಚಿ ಎಳೆದರು. ಔಷಧಿ ಅಂಗಡಿಯವರು ‘ಡಾಕ್ಟ್ರು ಊಟಕ್ಕೆ ಹೋದ್ರು’ ಎಂದರು. ಒಬ್ಬ ಅಜ್ಜಿ, ‘ನಮ್ಮ ಹುಡುಗಂದು ಪಾರ್ಸೆಲ್ ಬಂತೇನಪ್ಪ?’ ಎಂದು ತಡೆದು ನಿಲ್ಲಿಸಿದರು. ಕ್ಯಾಮೆರಾ ಬ್ಯಾಗು ಎಂದು ಯಾರಿಗೂ ಗೊತ್ತಾಗಬಾರದು, ಕಳ್ಳರ ಕಣ್ಣು ಬೀಳಬಾರದು ಎಂದು ವಿಶೇಷ ವಿನ್ಯಾಸ ಆರಿಸಿದ್ದು ಅವನೇ. ಈಗ ಯಾರಿಗೂ ಗೊತ್ತಾಗುತ್ತಿಲ್ಲವಲ್ಲ ಎಂದು ಕೊರಗುವವನೂ ಅವನೇ.

ಬಸ್ ಸ್ಟ್ಯಾಂಡಿನ ಸ್ಟುಡಿಯೋದವನು ಮಾತ್ರ ಗುರುತಿಸಿದ. ಮದುವೆ ಸೀಸನ್ನಿನಲ್ಲಿ ಎರಡು ಕ್ಯಾಮೆರಾ, 70-200 ಲೆನ್ಸು, ಎರಡು ಫ್ಲ್ಯಾಶು, ಎಲೆಅಡಿಕೆ ಚೀಲ, ಬದಲಿಗೊಂದು ಅಂಗಿ ಇಷ್ಟನ್ನೂ ಅವನು ಜಿಪ್ಪು ಕಿತ್ತ, ಪಿನ್ನು ಚುಚ್ಚಿದ ಒಂದು ಹಳೇ ಬ್ಯಾಗಿನಲ್ಲಿ ತುಂಬಿಕೊಂಡು ಬೈಕಿನ ಟ್ಯಾಂಕಿನ ಮೇಲಿಟ್ಟು ಹೋಗುತ್ತಾನೆ. ‘ಪುರೋಹಿತರು ಗಟ್ಟಿಮೇಳ ಅಂದ ಮೇಲೆ ಜಿಪ್ಪು ಹುಡುಕ್ತಾ ಕೂತ್ರೆ ನನ್ನ ದುಡ್ಡು ಯಾರು ಕೊಡ್ತಾರೆ? ಬ್ಯಾಗು ಛತ್ರದ ಕುರ್ಚಿ ಕೆಳಗಿರ್ತದೆ, ಕ್ಯಾಮೆರಾ ಕುತ್ತಿಗೇಲಿರ್ತದೆ’ ಎಂದ. ಹೋಗುವಾಗ ಒಂದು ಬುದ್ಧಿಮಾತನ್ನೂ ಹೇಳಿದ: ಮಳೆಗಾಲದಲ್ಲಿ ಕ್ಯಾಮೆರಾವನ್ನು ಬ್ಯಾಗಿನಲ್ಲಿಟ್ಟು ಬೀರುವಿಗೆ ಸೇರಿಸಬೇಡ. ಮೆತ್ತೆ ತೇವ ಹೀರುತ್ತದೆ, ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಅವನ ಲೆನ್ಸುಗಳೆಲ್ಲ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇರುತ್ತವೆ. ಬ್ಯಾಗಣ್ಣನಿಗೆ ಇದು ಅಪಶಕುನದ ಮಾತಿನಂತೆ ಕೇಳಿಸಿತು. ಕ್ಯಾಮೆರಾ ಡಬ್ಬಿಯಲ್ಲಿ, ಏಳು ಕ್ವಿಂಟಾಲು ಖಾಲಿ! ಆದರೂ ಆಷಾಢದಲ್ಲಿ ಅಮ್ಮನ ಹಪ್ಪಳದ ಡಬ್ಬಿ ಮಾಯವಾಯಿತು.

ಬ್ಯಾಗಿನ ನಿಜವಾದ ಪರೀಕ್ಷೆ ನಡೆದದ್ದು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ. ಕೊಂಡುಕುರಿಗಾಗಿ 2011ರಲ್ಲಿ ಘೋಷಣೆಯಾದ ವನ್ಯಧಾಮ ಅದು. ಗಂಡಿಗೆ ನಾಲ್ಕು ಕೊಂಬು, ಸ್ವಭಾವ ಮಹಾ ನಾಚಿಕೆ, ಗುಂಪು ಕಟ್ಟುವ ಪ್ರಾಣಿಯಲ್ಲ. ಅನುಮತಿ ಪಡೆದು, ಗೆಳೆಯರ ಜೊತೆ, ಬೆಳಕು ಹರಿಯುವ ಮುಂಚೆ ಹೋದರು. ಕುರುಚಲು ಪೊದೆಯ ಸಂದಿನಲ್ಲಿ ಅದು ನಿಜಕ್ಕೂ ನಿಂತಿತ್ತಂತೆ. ಬ್ಯಾಗಣ್ಣ ಎದೆಯ ಕ್ಲಿಪ್ಪು ಬಿಚ್ಚಿದ, ಸೊಂಟದ ಬೆಲ್ಟು ಬಿಚ್ಚಿದ, ಬ್ಯಾಗು ಇಳಿಸಿದ, ಬೋರಲು ಮಲಗಿಸಿದ, ಬೆನ್ನ ಕಡೆಯ ಜಿಪ್ಪನ್ನು ಮೂರು ಸುತ್ತು ಎಳೆದ, ಗೋಡೆಗಳ ನಡುವಿನಿಂದ ಕ್ಯಾಮೆರಾ ಎತ್ತಿದ. ಕಾಡು ಖಾಲಿ. ಪಕ್ಕದಲ್ಲಿದ್ದವನು ಮೊಬೈಲಿನಲ್ಲಿ ಕ್ಲಿಕ್ಕಿಸಿದ್ದ. ಅದರಲ್ಲಿ ಕಂದು ಬಣ್ಣದ್ದೇನೋ ಇದೆ, ಕಲ್ಲೂ ಇರಬಹುದು. ಊರಿಗೆ ಬಂದು ಬ್ಯಾಗಣ್ಣ ಹೇಳಿದ್ದು ಕೊಂಡುಕುರಿಯ ವಿಷಯವನ್ನಲ್ಲ. ‘ಅಷ್ಟು ಹತ್ರ ಇದ್ರೂ ಜಿಪ್ಪಿನ ಶಬ್ದಕ್ಕೆ ಅದು ಬೆದರಲಿಲ್ಲ, ಗೊತ್ತಾ? ತಾನಾಗೇ ಹೋಯ್ತು.’

ಬ್ಯಾಗನ್ನು ಸರಿಯಾಗಿ ಅರ್ಥಮಾಡಿಕೊಂಡವರು ಒಬ್ಬರೇ, ಗದ್ದೆಗೆ ಔಷಧಿ ಹೊಡೆಯಲು ಬರುವ ಹಿರಿಯ. ಪಂಪು ಹೊತ್ತು ಸವೆದ ಭುಜ. ತುಂಬಿದ ಪಂಪಿನಲ್ಲಿ ನೀರೇ ಹದಿನಾರು ಕೆಜಿ, ಪಟ್ಟಿ ಮಾತ್ರ ಎರಡು ಬೆರಳಗಲ. ಜಗಲಿಯ ಮೇಲಿದ್ದ ಬ್ಯಾಗಿನ ಗೂಡು, ಜಿಪ್ಪು, ಕಂಪನಿ ಯಾವುದನ್ನೂ ನೋಡದೆ, ಅವರು ಪಟ್ಟಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು. ಬೆನ್ನಿಗೇರಿಸಿದರು. ‘ತಮ್ಮಾ, ನೀನು ಪಟ್ಟಿ ಉದ್ದ ಬಿಟ್ಟಿದೀಯ. ಕುಂಡಿ ಮೇಲೆ ಜೋಲಾಡ್ತದೆ. ಮೇಲಕ್ಕೆ ಎಳಕಾ, ಬೆನ್ನಿಗೆ ಅಂಟಬೇಕು’ ಎಂದು ಒಂದು ಜಗ್ಗು ಜಗ್ಗಿದರು. ಮೊಬೈಲಿನ ಅಷ್ಟೂ ವಿದ್ಯೆಯಲ್ಲಿ ಸಿಕ್ಕಿರದ ಪಾಠ ಅದು. ಬ್ಯಾಗಣ್ಣ ಹಾಕಿಕೊಂಡು ನೋಡಿದ; ಭಾರ ಅರ್ಧ ಇಳಿದಂತಾಯಿತು. ಮೆಚ್ಚಿ, ಬಿಚ್ಚಿಡಲು ಬರುವ ಸೊಂಟದ ಬೆಲ್ಟನ್ನು ಕಳಚಿ, ಹಗ್ಗ ಹಾಕಿ ಅವರ ಪಂಪಿಗೆ ಬಿಗಿದು ಕೊಟ್ಟ.

ಅದು ಹಿಡಿಸಿಬಿಟ್ಟಿತು. ಎರಡು ಮಡಿ ಹೊಡೆಯುವಷ್ಟರಲ್ಲಿ ಸುಸ್ತಾಗುತ್ತಿದ್ದವರು ನಾಲ್ಕು ಮಡಿ ಹೊಡೆದು, ಬೆಲ್ಟು ವಾಪಸ್ ಕೊಡದೆ ಮನೆಗೆ ಹೋದರು. ಪಕ್ಕದ ಗದ್ದೆಯವರು ಬಂದು ತಮಗೂ ಅಂಥದ್ದು ಬೇಕು ಎಂದರು. ಅಪ್ಪನ ಮುಖದಲ್ಲಿ ಮೊದಲ ಸಲ ಬೆಳಕು. ‘ಏಳರಲ್ಲಿ ಅರ್ಧ ಕ್ವಿಂಟಾಲು ಗದ್ದೆಗೆ ಬಂತು’ ಎಂದರು.

ಬೆಲ್ಟಿಲ್ಲದ ಬ್ಯಾಗಿಗೆ ಈಗ ಬೆಲ್ಟು ಹುಡುಕುವ ಕೆಲಸ ನಡೆದಿದೆ. ಬ್ಯಾಗಣ್ಣ ಮತ್ತೆ ಲವಲವಿಕೆಯಿಂದಿದ್ದಾನೆ. ಬಿಡಿಯಾಗಿ ಸಿಗುತ್ತದಂತೆ. ಆದರೆ ಈಗ ಬರುತ್ತಿರುವ ಬೆಲ್ಟು ನಲವತ್ತು ಲೀಟರಿನ ಬ್ಯಾಗಿಗೆ ಮಾತ್ರ ಕೂರುತ್ತದಂತೆ.