ಸುಲಭದ ದಾರಿ

"ಸುಲಭದ ದಾರಿ ಕಣ್ರೀ, ಮಕ್ಕಳೂ ನಡೀತಾರೆ" ಎಂದು ಪಕ್ಕದ ಮನೆಯವರು ಹುರಿದುಂಬಿಸಿದ್ದಕ್ಕೆ ದೇವರಾಯನದುರ್ಗದ ಕುರುಚಲು ಕಾಡಿಗೆ ಹೊರಟೆ. "ಗುಬ್ಬಿಯಲ್ಲಿ ಹುಟ್ಟಿದೋರು ಹಕ್ಕಿ ನೋಡೋಕೆ ಅಲ್ಲೀತನಕ ಹೋಗ್ಬೇಕಾ?" ಅಂದಳು ಹೆಂಡತಿ.

ಕ್ಯಾತ್ಸಂದ್ರದಲ್ಲಿ ನಾಲ್ಕು ತಟ್ಟೆ ಇಡ್ಲಿ ಕಟ್ಟಿಸಿಕೊಂಡು ನಾಮದ ಚಿಲುಮೆಯಿಂದ ನಡಿಗೆ ಶುರು. ಹಣೆಗೆ ನಾಮವಿಡಲು ನೀರಿಲ್ಲದೆ ಶ್ರೀರಾಮ ಬಾಣ ಬಿಟ್ಟು ಬಂಡೆಯಿಂದ ನೀರು ಚಿಮ್ಮಿಸಿದನೆಂಬ ಜಾಗ. ಪಕ್ಷಿತಜ್ಞ ಸಲೀಂ ಅಲಿ ತಂಗಿದ್ದ ಬಂಗಲೆಯೂ ಇಲ್ಲೇ. ಅವರಿಗೆ ಏನೇನು ಕಂಡವೋ, ನನಗೊಂದು ಪಿಕಳಾರ ಕಂಡಿತು. ಬಾಯಿ ಬಿಟ್ಟು ನೋಡುತ್ತಿದ್ದಾಗ ಹಿಂದಿನಿಂದ ಕೋತಿಯೊಂದು ಪೊಟ್ಟಣ ಕಿತ್ತುಕೊಂಡು ಬಂಡೆ ಏರಿತು. ನಾಲ್ಕೂ ಇಡ್ಲಿ ಮುಗಿಸಿ, ಚಟ್ನಿ ಮೂಸಿ, ಮುಖ ಸಿಂಡರಿಸಿ ನನ್ನತ್ತ ಎಸೆಯಿತು. ಖಾರ ಹೆಚ್ಚಾಗಿತ್ತೋ ಏನೋ. ಒಟ್ಟಿನಲ್ಲಿ ರಾಮನ ಜಾಗದಲ್ಲಿ ರಾಮನ ಬಂಟ ನನಗೇ ನಾಮ ಹಾಕಿದ.

ಈ ದುರ್ಗವನ್ನು ಗೆದ್ದದ್ದು ಚಿಕ್ಕದೇವರಾಜ ಒಡೆಯರು, ಹೆಸರೂ ಅವರದೇ. ಅವರು ಸೈನ್ಯ ಕಟ್ಟಿಕೊಂಡು ಬಂದವರು, ನಾನು ಪಂಚೆ ಕಟ್ಟಿಕೊಂಡು ಬಂದವನು. ಮನೆ ಸೇರುವಾಗ ಅದಕ್ಕೆ ಉತ್ತರಾಣಿ ಬೀಜ ಎಷ್ಟು ಅಂಟಿತ್ತೆಂದರೆ, ಹೆಂಡತಿ ಮುಳ್ಳುಹಂದಿ ಬಂತೆಂದು ಬಾಗಿಲು ಹಾಕಿಕೊಂಡಳು. ಈಗ ಜಗಲಿಯಲ್ಲಿ ಕೂತು ಒಂದೊಂದೇ ಬಿಡಿಸುತ್ತಿದ್ದೇನೆ. ಎದುರಿನ ತಂತಿಯ ಮೇಲೆ ಎರಡು ಗುಬ್ಬಿ ಕೂತು ನನ್ನನ್ನೇ ನೋಡುತ್ತಿವೆ.